ಕನ್ನಡದಲ್ಲಿ ಸಂಖ್ಯಾಶಾಸ್ತ್ರದ ಆನ್‌ಲೈನ್ ಆಕರ: ಬರೆಯೋರು ಇದ್ದಾರೆ, ಲೆಕ್ಕ ತಾಳೆ ನೋಡೋರು ಯಾರು?

ಅಘನಾಶಿನಿ, ಶಿರಸಿ

ಗುಂಪಿನಲ್ಲಿ ಚೂರುಚೂರಾಗಿ ಮಾತಾಡಿದ್ದನ್ನು ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ. ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ಕನ್ನಡದಲ್ಲಿ ಸಂಖ್ಯಾಶಾಸ್ತ್ರ ಕಲಿಯುವವರಿಗೆ ಒಂದು ಆನ್‌ಲೈನ್ ಆಕರ ಬೇಕು. ನಾವೇ ಸೇರಿ ಬರೆಯಬೇಕು, ಯಾರು ಬೇಕಾದರೂ ತಿದ್ದುವಂತಿರಬೇಕು. ಇಷ್ಟಕ್ಕೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಎಲ್ಲಿಂದ ಶುರು ಮಾಡುವುದು ಅನ್ನುವುದರಲ್ಲಿ.

ಕೆಲವರು ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಒಂದೊಂದಕ್ಕೂ ವ್ಯಾಖ್ಯೆ ಬರೆಯೋಣ ಅಂದಿರಿ. ನನಗದು ಬೇಡ ಅನ್ನಿಸುತ್ತದೆ. ವ್ಯಾಖ್ಯೆ ಪಠ್ಯಪುಸ್ತಕದಲ್ಲೇ ಇದೆ. ಅದನ್ನು ಬಾಯಿಪಾಠ ಮಾಡಿದ ಮಕ್ಕಳೂ ನನ್ನ ಕ್ಲಾಸಿನಲ್ಲಿ ಬೇಕಾದಷ್ಟಿದ್ದಾರೆ. ಅವರು ಸಿಕ್ಕಿಹಾಕಿಕೊಳ್ಳುವ ಜಾಗ ಬೇರೆ.

4, 6, 8, 10, 12 ಈ ಐದು ಸಂಖ್ಯೆ ತೆಗೆದುಕೊಳ್ಳಿ. ಸರಾಸರಿ 8. ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿದರೆ 40. ಪಿಯು ಮಕ್ಕಳು ಮಾಡುವ ಹಾಗೆ 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ (ಸಂಖ್ಯೆಗಳು ಎಷ್ಟು ಚೆದುರಿವೆ ಅನ್ನುವ ಅಳತೆ) 2.83. ಅವರಲ್ಲೇ ಒಬ್ಬ ಹುಡುಗಿ ಡಿಗ್ರಿಗೆ ಹೋಗಿ ಆರ್ ತಂತ್ರಾಂಶದಲ್ಲಿ ಹಾಕಿದರೆ 3.16 ಬರುತ್ತದೆ, ಯಾಕಂದ್ರೆ ಅದು 4ರಿಂದ ಭಾಗಿಸುತ್ತದೆ. ಪೈಥಾನ್‌ನಲ್ಲಿ ಇನ್ನೂ ತಮಾಷೆ. ಅದರ ನಂಪೈ ಪ್ಯಾಕೇಜ್ ಸುಮ್ನೆ ಬಿಟ್ಟರೆ 2.83 ಕೊಡುತ್ತದೆ, ಪಾಂಡಾಸ್ ಪ್ಯಾಕೇಜ್ 3.16 ಕೊಡುತ್ತದೆ. ಎಕ್ಸೆಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಫಂಕ್ಷನ್ ಇದೆ. ಹುಡುಗಿ ಏನಂದುಕೊಳ್ಳಬೇಕು? ತಾನೇ ತಪ್ಪು ಮಾಡಿದೆ ಅಂದುಕೊಳ್ಳುತ್ತಾಳೆ. ಎರಡೂ ಸರಿ ಅಂತ ಕನ್ನಡದಲ್ಲಿ ಹೇಳುವ ಒಂದು ಪುಟ ಬೇಕು. ಆ ಐದೇ ಪೂರ್ತಿ ಗುಂಪಾಗಿದ್ದರೆ 5ರಿಂದ ಭಾಗಿಸಿ. ದೊಡ್ಡ ಗುಂಪಿನಿಂದ ಹೆಕ್ಕಿದ ಐದಾಗಿದ್ದರೆ 4ರಿಂದ. ಯಾಕೆ ಅಂದರೆ ಸರಾಸರಿಯನ್ನೂ ಅದೇ ಐದರಿಂದ ತೆಗೆದಿದ್ದೇವೆ, ಹಾಗಾಗಿ ಅವು ಇಡೀ ಗುಂಪಿನ ನಿಜ ಸರಾಸರಿಗಿಂತ ಈ ಸರಾಸರಿಗೇ ಹತ್ತಿರ ಇರುತ್ತವೆ, ಚೆದುರಿದ್ದು ಕಡಿಮೆ ಅಂತ ಕಾಣುತ್ತದೆ, 1 ಕಳೆಯುವುದು ಅದನ್ನು ಸರಿದೂಗಿಸಲಿಕ್ಕೆ.

ಮೊದಲ ಚತುರ್ಥಕವೂ (ಕಾಲು ಭಾಗ ಸಂಖ್ಯೆಗಳು ಇದಕ್ಕಿಂತ ಕೆಳಗೆ) ಹೀಗೇ. ಅದೇ ಐದು ಸಂಖ್ಯೆಗೆ ಕೈಲೆಕ್ಕದಲ್ಲಿ ಸ್ಥಾನ 6 (5 ಕೂಡಿಸು 1) ಭಾಗಿಸು 4, ಅಂದರೆ ಒಂದೂವರೆಯನೇ ಸಂಖ್ಯೆ, ಉತ್ತರ 5. ಆರ್ ಕೇಳಿದರೆ 6 ಅನ್ನುತ್ತದೆ. ಆರ್‌ನಲ್ಲಿ ಇದಕ್ಕೆ ಒಟ್ಟು 9 ವಿಧಾನ ಇವೆ, ಏನೂ ಹೇಳದಿದ್ದರೆ 7ನೇದನ್ನು ಬಳಸುತ್ತದೆ.

ಇಂಥ ಜಾಗಗಳಿಂದ ಶುರು ಮಾಡೋಣ ಅನ್ನುವುದು ನನ್ನ ಮಾತು. ಒಂದು ಪುಟಕ್ಕೆ ಒಂದು ಪ್ರಶ್ನೆ, ಜೊತೆಗೆ ಇಳಿಸಿಕೊಳ್ಳಬಹುದಾದ ಸಣ್ಣ ಡೇಟಾ. ಮೊದಲು ಕೈಲೆಕ್ಕ, ಆಮೇಲೆ ಕಂಪ್ಯೂಟರ್. ಕೊನೆಗೆ ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಅಂತ ಎರಡು ಮಾತು. ಏನಂತೀರಿ?

ಕುಮಟಾ ಬಿಕಾಂ

ಸರ್, ಒಳ್ಳೇದು. ಆದರೆ ನೇರವಾಗಿ ಹೇಳ್ತೇನೆ, ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ಹಾಕಿದರೆ ಮಾತ್ರ ನಮ್ಮ ಕಡೆ ಹುಡುಗರು ಬರ್ತಾರೆ. ಪರೀಕ್ಷೆ ಹಿಂದಿನ ರಾತ್ರಿ ಯಾರೂ ಪಾಂಡಾಸ್ ನೋಡಲ್ಲ.

ಅಘನಾಶಿನಿ, ಶಿರಸಿ

ಬರಲಿ, ಬೇಡ ಅನ್ನಲ್ಲ. ಬಿಡಿಸಿದ ಪ್ರತಿ ಲೆಕ್ಕದ ಕೆಳಗೆ ಮೂಲ ಪುಟಕ್ಕೆ ಒಂದು ಕೊಂಡಿ ಇರಲಿ. ನೂರರಲ್ಲಿ ಇಬ್ಬರು ಒತ್ತಿದರೂ ಸಾಕು.

ಹಳಿಯಾಳ ಕಾಮರ್ಸ್

ಶುರುವಿಗೆ ವ್ಯಕ್ತಿಪರಿಚಯ ಹಾಕಿದರೆ ಹೇಗೆ? ಮಹಲನೋಬಿಸ್, ಸಿ. ಆರ್. ರಾವ್, ಇಬ್ಬರೂ ದೊಡ್ಡ ಸಂಖ್ಯಾಶಾಸ್ತ್ರಜ್ಞರು. ರಾವ್ ಅವರು ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು ಅಂತ ಎಷ್ಟು ಜನಕ್ಕೆ ಗೊತ್ತು? ಬರೆಯಲಿಕ್ಕೂ ಸುಲಭ, ಓದಲಿಕ್ಕೂ ಚೆನ್ನ. ಜೂನ್ 29 ಮಹಲನೋಬಿಸ್ ಹುಟ್ಟಿದ ದಿನ, ರಾಷ್ಟ್ರೀಯ ಸಾಂಖ್ಯಿಕ ದಿನ. ಅವತ್ತೇ ಬಿಡುಗಡೆ ಮಾಡಬಹುದು.

ಜೋಯಿಡಾ ನೋ ಸಿಗ್ನಲ್

ಜೂನ್ 29ಕ್ಕೆ ನಮ್ಮಲ್ಲಿ ಕರೆಂಟ್ ಇರಲ್ಲ ಮಾರಾಯ್ರೆ. ನೀವೆಲ್ಲ ಬಿಡುಗಡೆ ಮಾಡಿಕೊಳ್ಳಿ, ನಾವು ದೀಪಾವಳಿಗೆ ನೋಡ್ತೇವೆ.

ಅಘನಾಶಿನಿ, ಶಿರಸಿ

ಹಳಿಯಾಳದವರೇ, ಸುಲಭ ಅನ್ನುವುದಕ್ಕೇ ನನಗೆ ಹೆದರಿಕೆ. ಜೀವನಚರಿತ್ರೆ ಬರೆಯಲು ಹತ್ತು ಜನ ಮುಂದೆ ಬರುತ್ತಾರೆ, ಆಮೇಲೆ ನಮ್ಮದೂ ಹುಟ್ಟಿದ ಊರು, ಪ್ರಶಸ್ತಿ, ಫೋಟೋ ಇರುವ ಇನ್ನೊಂದು ತಾಣ ಆಗುತ್ತದೆ. ಅದಕ್ಕೆ ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅಲ್ಲೇ ಬರೆಯಿರಿ. ನಮಗೆ ಬೇಕಾದದ್ದು ರಾವ್ 1945ರಲ್ಲಿ ಏನು ತೋರಿಸಿದರು ಅನ್ನುವುದು. ಅಂದಾಜು ಮಾಡುವ ವಿಧಾನ ಪಕ್ಷಪಾತ ಇಲ್ಲದ್ದಾಗಿದ್ದರೆ, ನೀವು ಎಷ್ಟೇ ಜಾಣರಾದರೂ ಅದರ ಏರುಪೇರನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಿಕ್ಕಾಗುವುದಿಲ್ಲ, ಆ ಮಿತಿ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು. ಇದನ್ನು ಒಂದು ನಾಣ್ಯ ಚಿಮ್ಮುವ ಉದಾಹರಣೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹಾಕುತ್ತೀರಾ? ಹಾಕಿದರೆ ಹಡಗಲಿಯ ಹೆಸರನ್ನು ಮೊದಲ ಸಾಲಿನಲ್ಲೇ ಹಾಕೋಣ.

ಚಾಲಿ ರಾಶಿ, ಶಿರಸಿ ಹತ್ತಿರ

ನಾನು ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವನು, ಜೊತೆಗೆ ತೋಟ. ತಾಂತ್ರಿಕ ಕೆಲಸ ನನಗೆ ಬಿಡಿ. ಆದರೆ ಮೊದಲ ಪುಟ ಅಡಿಕೆ ದರದ್ದೇ ಆಗಬೇಕು, ಇದರಲ್ಲಿ ರಾಜಿ ಇಲ್ಲ!

ದಿನಾ ಎಪಿಎಂಸಿ ದರ ನೋಡುತ್ತೇವೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಆಮೇಲೆ ಮೂರನೇ ಅಂಕಣ. ಅಗ್‌ಮಾರ್ಕ್‌ನೆಟ್ ಅನ್ನುವ ಸರ್ಕಾರಿ ಮಾರುಕಟ್ಟೆ ದರದ ತಾಣದಲ್ಲಿ ಆ ಮೂರನೇದು ಮೋಡಲ್ ದರ. ಅಂದರೆ ಬಹುಲಕ, ಜಾಸ್ತಿ ಮಾಲು ಯಾವ ದರಕ್ಕೆ ಹೋಯಿತೋ ಅದು. ನಮ್ಮ ಮನೆಯಲ್ಲಿ ಅದನ್ನು ಸರಾಸರಿ ಅಂತಲೇ ಓದುತ್ತಾರೆ. ಎರಡೂ ಒಂದೇ ಅಲ್ಲ.

ಲೆಕ್ಕಕ್ಕೆ ಅಂತ ನಾನೇ ಮಾಡಿದ ಸಂಖ್ಯೆ, ಮಾರುಕಟ್ಟೆಯದ್ದಲ್ಲ: ಒಂದು ದಿನ ಚಾಲಿಯ ಮೂರು ಲಾಟು ಬಂತು ಅನ್ನಿ. 1 ಕ್ವಿಂಟಲ್ 46,000ಕ್ಕೆ, 2 ಕ್ವಿಂಟಲ್ 42,000ಕ್ಕೆ, 7 ಕ್ವಿಂಟಲ್ 40,000ಕ್ಕೆ. ಮೂರು ದರ ಕೂಡಿಸಿ 3ರಿಂದ ಭಾಗಿಸಿದರೆ 42,667. ತೂಕ ಹಿಡಿದು ಸರಾಸರಿ ತೆಗೆದರೆ 4,10,000 ಭಾಗಿಸು 10, ಅಂದರೆ 41,000. ಬಹುಲಕ 40,000. ಮೂರೂ ಬೇರೆ. ನಿಮ್ಮ ಅಡಿಕೆಗೆ 41,500 ಬಂದರೆ ನೀವು ಸರಾಸರಿಗಿಂತ ಮೇಲೋ ಕೆಳಗೋ? ಈ ಪ್ರಶ್ನೆ ಹಾಕಿದರೆ ನಮ್ಮೂರಿನ ಸೊಸೈಟಿ ಕಟ್ಟೆಯ ಮೇಲೆ ಕೂತವರೂ ಓದುತ್ತಾರೆ.

ಬೈತಖೋಲ, ಕಾರವಾರ

ಅಡಿಕೆಯವರು ಮಾತಾಡಿ ಆಯ್ತಲ್ಲ, ಈಗ ಮೀನಿನವರ ಸರದಿ.

ಸ್ಯಾಂಪ್ಲಿಂಗ್ (ಕೆಲವನ್ನು ಆಯ್ದು ನೋಡಿ ಇಡೀ ಗುಂಪನ್ನು ಅಂದಾಜು ಮಾಡುವುದು) ಅಧ್ಯಾಯ ಓದುವಾಗ ನಮಗೆ ಹೇಳಿಕೊಟ್ಟದ್ದು ಚೀಟಿ ಎತ್ತುವುದು, ರ‍್ಯಾಂಡಮ್ ನಂಬರ್ ಟೇಬಲ್. ಇದರಿಂದ ಯಾರಿಗೆ ಏನು ಉಪಯೋಗ ಅಂತ ತಿಳಿಯಲೇ ಇಲ್ಲ. ಆಮೇಲೆ ಪ್ರಾಜೆಕ್ಟಿಗೆ ಅಂತ ಧಕ್ಕೆಯ (ಬೋಟು ನಿಲ್ಲುವ ಕಟ್ಟೆ) ಮೇಲೆ ನಿಂತು ಮೀನಿನ ಲೆಕ್ಕ ಬರೆಯಬೇಕಾಗಿ ಬಂದಾಗ ಇಡೀ ಅಧ್ಯಾಯ ಕಣ್ಣೆದುರು ಬಂತು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ದೇಶದ ಕರಾವಳಿಯ ಮೀನಿನ ಇಳುವರಿ ಅಂದಾಜು ಮಾಡುವುದೇ ಸ್ಯಾಂಪ್ಲಿಂಗಿನಿಂದ. ಅದಕ್ಕೆ ಹಲವು ಹಂತ ಇದೆ. ಕರಾವಳಿಯನ್ನು ವಲಯ ಮಾಡುತ್ತಾರೆ, ತಿಂಗಳಲ್ಲಿ ಕೆಲವು ದಿನ ಆರಿಸುತ್ತಾರೆ, ಆ ದಿನ ಆ ಬಂದರಿಗೆ ಬಂದ ದೋಣಿ ಕಡಿಮೆ ಇದ್ದರೆ ಎಲ್ಲವನ್ನೂ ಬರೆದುಕೊಳ್ಳುತ್ತಾರೆ, ಜಾಸ್ತಿ ಇದ್ದರೆ ಕೆಲವನ್ನು ಆಯ್ದು ಬರೆದುಕೊಳ್ಳುತ್ತಾರೆ. ಅವರ ಕೇಂದ್ರ ನಮ್ಮ ಕಾರವಾರದಲ್ಲೇ ಇದೆ. ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿಂದ ತರುತ್ತೀರಿ?

ಇಲ್ಲಿ ಆಯ್ಕೆ ತಪ್ಪಿದರೆ ಎಷ್ಟು ಕೆಡುತ್ತದೆ ನೋಡಿ. ಇದೂ ನನ್ನ ಕಲ್ಪನೆಯ ಸಂಖ್ಯೆ. ಒಂದು ದಿನ 40 ದೋಣಿ ಬಂದವು ಅನ್ನಿ, 30 ಸಣ್ಣವು, 10 ದೊಡ್ಡ ಬೋಟು. ಸಣ್ಣದರಲ್ಲಿ ಸರಾಸರಿ 50 ಕಿಲೋ, ದೊಡ್ಡದರಲ್ಲಿ 500 ಕಿಲೋ. ಅಂದರೆ ನಿಜವಾಗಿ ಬಂದದ್ದು 1,500 ಕೂಡಿಸು 5,000, ಒಟ್ಟು 6,500 ಕಿಲೋ. ನೀವು 10 ದೋಣಿ ನೋಡಿದಿರಿ. ದೊಡ್ಡ ಬೋಟಿನ ಹತ್ತಿರ ಜನ ಸೇರಿರುತ್ತಾರೆ, ಕ್ರೇಟು ಎಣಿಸುವುದೂ ಸುಲಭ, ಹಾಗಾಗಿ 8 ದೊಡ್ಡದು, 2 ಸಣ್ಣದು ನೋಡಿದಿರಿ. ಆ ಹತ್ತರ ಸರಾಸರಿ 410. ಅದಕ್ಕೆ 40 ಗುಣಿಸಿದರೆ 16,400 ಕಿಲೋ! ಇದ್ದದ್ದಕ್ಕಿಂತ ಎರಡೂವರೆ ಪಟ್ಟು. ಅದೇ ಹತ್ತು ದೋಣಿಯ ಅದೇ ಡೇಟಾವನ್ನು ಸಣ್ಣ, ದೊಡ್ಡ ಅಂತ ಬೇರೆ ಮಾಡಿ, ಆಯಾ ಸರಾಸರಿಯನ್ನು ಆಯಾ ಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ ಮತ್ತೆ 6,500. ಡೇಟಾ ಹೊಸದೇನೂ ಬೇಕಾಗಲಿಲ್ಲ, ಒಟ್ಟು ಎಷ್ಟು ಸಣ್ಣ, ಎಷ್ಟು ದೊಡ್ಡ ಅಂತ ಎಣಿಸಿದ್ದೇ ಸಾಕಾಯ್ತು. ನಿಜದಲ್ಲಿ ಇಷ್ಟು ಕರಾರುವಾಕ್ಕಾಗಿ ಬರಲ್ಲ ಬಿಡಿ, ದೋಣಿಯಿಂದ ದೋಣಿಗೆ ಏರುಪೇರು ಇರುತ್ತದೆ, ಆ ಏರುಪೇರು ಎಷ್ಟು ಅಂತ ಹೇಳುವುದು ಪುಟದ ಎರಡನೇ ಭಾಗ ಆಗಲಿ.

ಇನ್ನೊಂದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಟ್ರಾಲರಿನ ತಿಂಗಳ ಸರಾಸರಿ ಕೇಳಿದರೆ 12ರಿಂದ ಭಾಗಿಸಬೇಕಾ, 10ರಿಂದಲಾ? ಆ ಎರಡು ತಿಂಗಳು ಸೊನ್ನೆ ಅಂತ ಬರೆಯಬೇಕಾ, ಖಾಲಿ ಬಿಡಬೇಕಾ? ಮನೆಯ ವರ್ಷದ ಖರ್ಚು ನೋಡುವವನಿಗೆ 12, ಸಮುದ್ರದಲ್ಲಿ ಮೀನು ಎಷ್ಟಿದೆ ಅಂತ ನೋಡುವವನಿಗೆ 10. ಡೇಟಾ ಬರೆಯಲು ಹೋಗದೆ ತಪ್ಪಿಹೋದ ದಿನ ಮತ್ತೆ ಬೇರೆಯೇ, ಅದನ್ನು ಸೊನ್ನೆ ಮಾಡಿದರೆ ಸುಳ್ಳು. ಈ ಪುಟ ನಾನು ಬರೆಯುತ್ತೇನೆ.

ಹೊನ್ನಾವರ ಟೀಚರ್

ಎಲ್ಲರಿಗೂ ಬರೆಯುವ ಹುರುಪು ಇದೆ, ಸಂತೋಷ. ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ.

ಕನ್ನಡದಲ್ಲಿ ಪಿ-ವ್ಯಾಲ್ಯೂ ಬಗ್ಗೆ ಹುಡುಕಿ ನೋಡಿ. ನಲ್ ಹೈಪಾಥಿಸಿಸ್ (ವಿಶೇಷ ಏನೂ ಇಲ್ಲ ಅನ್ನುವ ಊಹೆ) ನಿಜವಾಗಿರುವ ಸಂಭವನೀಯತೆಯೇ ಪಿ-ವ್ಯಾಲ್ಯೂ ಅಂತ ಬರೆದದ್ದು ಸಿಗುತ್ತದೆ. ಇಂಗ್ಲಿಷಿನಲ್ಲೂ ಸಿಗುತ್ತದೆ, ಅದು ಬೇರೆ ಮಾತು. ಈ ಗೊಂದಲ ಎಷ್ಟು ಹಬ್ಬಿತ್ತು ಅಂದರೆ ಅಮೆರಿಕದ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಇದಕ್ಕೇ ಅಂತ ಹೇಳಿಕೆ ಹೊರಡಿಸಿ ಆರು ತತ್ವ ಹೇಳಬೇಕಾಯಿತು. ನಾಣ್ಯವನ್ನು 10 ಸಲ ಚಿಮ್ಮಿದೆ, 9 ಸಲ ತಲೆ ಬಂತು. ನಾಣ್ಯ ಸರಿಯಿದೆ ಅಂತ ಇಟ್ಟುಕೊಂಡರೆ ಇಷ್ಟು ಅಥವಾ ಇದಕ್ಕಿಂತ ವಿಪರೀತ ಫಲಿತಾಂಶ, ಎರಡೂ ಕಡೆ ಸೇರಿ, ಬರುವ ಸಂಭವನೀಯತೆ 22 ಭಾಗಿಸು 1,024, ಹತ್ತಿರ ಹತ್ತಿರ 0.02. ಇದೇ ಪಿ-ವ್ಯಾಲ್ಯೂ. ಇದನ್ನೇ ನಾಣ್ಯ ಸರಿಯಿರುವ ಸಾಧ್ಯತೆ ಶೇಕಡಾ 2 ಅಂತ ಬರೆದುಬಿಟ್ಟರೆ ಮುಗೀತು. ಬಸ್ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಬಂದ ನಾಣ್ಯಕ್ಕೂ, ಜಾತ್ರೆಯ ಜೂಜಿನವನ ಕೈಯ ನಾಣ್ಯಕ್ಕೂ 0.02 ಒಂದೇ ಬರುತ್ತದೆ. ಆದರೆ ಎರಡರ ಮೇಲೂ ನಿಮಗೆ ಒಂದೇ ಅನುಮಾನ ಬರುತ್ತದಾ?

ಈಗ ಹೇಳಿ. ನಮ್ಮ ತಾಣದಲ್ಲಿ ಯಾರೋ ಉತ್ಸಾಹದಿಂದ ತಪ್ಪು ವ್ಯಾಖ್ಯೆ ಹಾಕಿದರೆ ಹಿಡಿಯುವವರು ಯಾರು? ಇಂಗ್ಲಿಷಿನ ದೊಡ್ಡ ತಾಣಗಳಲ್ಲಿ ಓದುಗರು ಲಕ್ಷಗಟ್ಟಲೆ, ಯಾರಾದರೂ ಹಿಡಿಯುತ್ತಾರೆ. ಕನ್ನಡದಲ್ಲಿ ಈ ವಿಷಯ ಓದಿ, ತಪ್ಪು ಕಂಡು, ತಿದ್ದಲು ಕೈಹಾಕುವವರು ಬೆರಳೆಣಿಕೆ. ತಪ್ಪು ಪುಟ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ, ಮಕ್ಕಳು ಅದನ್ನೇ ಬರೆದುಕೊಳ್ಳುತ್ತಾರೆ. ಕನ್ನಡದಲ್ಲಿ ಒಂದೇ ಪುಟ ಇದ್ದಾಗ ಅದು ತಪ್ಪಾಗಿದ್ದರೆ ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಬರೆದವರಲ್ಲದ ಇನ್ನೊಬ್ಬರು ಕಾಗದದ ಮೇಲೆ ಲೆಕ್ಕ ಮಾಡಿ ಅದೇ ಉತ್ತರ ಬಂತು ಅಂತ ಹೇಳುವ ತನಕ ಪುಟ ತೆರೆಯಬಾರದು. ಇದು ನನ್ನ ಷರತ್ತು.

ಚಾಲಿ ರಾಶಿ, ಶಿರಸಿ ಹತ್ತಿರ

ಟೀಚರ್, ಒಪ್ಪುವುದು ಕಷ್ಟ. ಷರತ್ತು ಹಾಕಿದರೆ ಏನಾಗುತ್ತದೆ ಗೊತ್ತಲ್ಲ. ನಾನು ಪುಟ ಬರೆದು ಕೂರುತ್ತೇನೆ, ನೋಡುವವರು ಸಿಗುವುದಿಲ್ಲ, ಮೂರನೇ ತಿಂಗಳಿಗೆ ನನಗೂ ಬೇಸರ. ಇಂಥ ಎಷ್ಟು ಕೆಲಸ ಹೀಗೇ ಸತ್ತಿದೆ. ಪುಟದ ತಲೆಯ ಮೇಲೆ ಕೆಂಪು ಪಟ್ಟಿ ಹಾಕೋಣ, ತಪಾಸಣೆ ಆಗಿಲ್ಲ ಅಂತ. ಪುಟ ತೆರೆದಿರಲಿ, ಓದುಗರೇ ತಪ್ಪು ಹೇಳುತ್ತಾರೆ.

ಹೊನ್ನಾವರ ಟೀಚರ್

ಕೆಂಪು ಪಟ್ಟಿ ಎಲ್ಲ ಪುಟದ ಮೇಲೂ ಇದ್ದರೆ ಯಾರೂ ಓದಲ್ಲ ತಮ್ಮಾ. ಮತ್ತೆ ಮಕ್ಕಳು ಓದುವುದು ಪುಟ ಅಲ್ಲ, ಯಾರೋ ತೆಗೆದ ಸ್ಕ್ರೀನ್‌ಶಾಟ್. ಅದರಲ್ಲಿ ಪಟ್ಟಿ ಇರುವುದಿಲ್ಲ.

ಬೈತಖೋಲ, ಕಾರವಾರ

ಸ್ಕ್ರೀನ್‌ಶಾಟ್ ಮಾತು ನೂರಕ್ಕೆ ನೂರು ನಿಜ.

ಫಾರೆಸ್ಟ್ರಿ ಪಿಜಿ

ಇಬ್ಬರೂ ಸ್ವಲ್ಪ ತಡೆಯಿರಿ, ನನಗೆ ಬೇರೆ ಅನುಮಾನ ಇದೆ. ಎಲ್ಲ ಉದಾಹರಣೆಯೂ ಅಡಿಕೆ, ಮೀನು ಅಂತಾದರೆ ಬಯಲುಸೀಮೆಯ ಕಲಾದಗಿಯ ಹುಡುಗನಿಗೆ ಏನು ಸಿಗುತ್ತದೆ? ಅದಕ್ಕಿಂತ ಮುಖ್ಯ, ನಾವೇ ಮಾಡಿದ ಡೇಟಾದ ಉತ್ತರ ಸರಿಯೋ ತಪ್ಪೋ ಅಂತ ಬೇರೆಲ್ಲೂ ನೋಡಲು ಬರುವುದಿಲ್ಲ. ಹಳೇ ಪ್ರಸಿದ್ಧ ಡೇಟಾ ಬಳಸುವುದಕ್ಕೆ ಕಾರಣ ಇದೆ. ಸಂಖ್ಯಾಶಾಸ್ತ್ರಜ್ಞ ಫಿಷರ್ 1936ರಲ್ಲಿ ಬಳಸಿದ ಐರಿಸ್ ಹೂವಿನ ಡೇಟಾ ತಗೊಳ್ಳಿ, ಮೂರು ಜಾತಿ, ಒಂದೊಂದರಲ್ಲಿ 50, ಒಟ್ಟು 150 ಹೂವು. ಆ ಹೂವು ನಾನೂ ನೋಡಿಲ್ಲ. ಆದರೆ ಆರ್ ಹಾಕಿಕೊಂಡರೆ ಅದರ ಜೊತೆಗೇ ಬರುತ್ತದೆ, ಉತ್ತರ ಜಗತ್ತಿನಲ್ಲಿ ಎಲ್ಲಿ ಬೇಕಾದರೂ ತಾಳೆ ನೋಡಬಹುದು.

ಪಾಯ್ಸಾನ್ ವಿತರಣೆಗೆ (ಅಪರೂಪದ ಘಟನೆ ಎಷ್ಟು ಸಲ ಆಗಬಹುದು ಅಂತ ಹೇಳುವುದು) ಪ್ರಷ್ಯಾ ಸೈನ್ಯದ ಕುದುರೆ ಒದೆತದ ಲೆಕ್ಕಕ್ಕಿಂತ ಒಳ್ಳೇದು ನನಗಂತೂ ಸಿಕ್ಕಿಲ್ಲ. ಬೋರ್ಟ್‌ಕೀವಿಚ್ 1898ರಲ್ಲಿ ಕೊಟ್ಟದ್ದು. 10 ಸೇನಾ ವಿಭಾಗ, 20 ವರ್ಷ, ಅಂದರೆ 200 ವಿಭಾಗ-ವರ್ಷ. ಕುದುರೆ ಒದ್ದು ಸತ್ತವರು ಒಟ್ಟು 122, ಸರಾಸರಿ 0.61. ಒಂದು ಸಾವೂ ಇಲ್ಲದ ವಿಭಾಗ-ವರ್ಷ 109, ಒಂದು ಸಾವಿನದ್ದು 65, ಎರಡರದ್ದು 22, ಮೂರರದ್ದು 3, ನಾಲ್ಕರದ್ದು 1. ಪಾಯ್ಸಾನ್ ಸೂತ್ರಕ್ಕೆ 0.61 ಹಾಕಿ, ಬಂದದ್ದನ್ನು 200ರಿಂದ ಗುಣಿಸಿ ನೋಡಿ. 108.7, 66.3, 20.2, 4.1, 0.6 ಬರುತ್ತದೆ. ಇದನ್ನು ನೋಡಿದಾಗ ನನಗೆ ಮೈ ಜುಂ ಅಂದಿತ್ತು. ಸೂತ್ರ ಬಾಯಿಪಾಠ ಮಾಡಿದಾಗ ಹಾಗೇನೂ ಆಗಿರಲಿಲ್ಲ.

ಅಘನಾಶಿನಿ, ಶಿರಸಿ

ಇದು ಒಳ್ಳೆ ಮಾತು, ಕುದುರೆ ಇರಲಿ. ವಿಧಾನ ಕಲಿಸಲು ಹಳೇ ಡೇಟಾ, ವಿಧಾನ ಎಲ್ಲಿ ಕೆಡುತ್ತದೆ ಅಂತ ತೋರಿಸಲು ಊರಿನ ಡೇಟಾ. ಯಾಕಂದ್ರೆ ಹಳೇ ಡೇಟಾ ಎಲ್ಲ ತೊಳೆದು ಇಟ್ಟ ಪಾತ್ರೆಯ ಹಾಗೆ, ಅದರಲ್ಲಿ ಮಸಿ ಇರುವುದಿಲ್ಲ.

ಅಡಿಕೆಯ ಕೊಳೆ ರೋಗದ ವಿಷಯ ಯಾರೂ ಎತ್ತಿಲ್ಲವಲ್ಲ? ಅದಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟ, ಹೊಡೆಯದ ತೋಟ ಹೋಲಿಸಿ ಅಂತ ಮಕ್ಕಳಿಗೆ ಕೊಡಬಹುದು.

ಚಾಲಿ ರಾಶಿ, ಶಿರಸಿ ಹತ್ತಿರ

ಕೊಡಬಹುದು, ಆದರೆ ಅದರಲ್ಲಿ ದೊಡ್ಡ ಗುಂಡಿ ಇದೆ ಸರ್. ಬೋರ್ಡೋ ಮಾಡುವುದು ಎಲ್ಲರಿಗೂ ಗೊತ್ತು, ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಷ್ಟ ಇರುವುದು ಅದನ್ನು ಮರದ ತುದಿಗೆ ಮುಟ್ಟಿಸುವುದರಲ್ಲಿ. ಮಳೆ ಹಿಡಿಯುವ ಮೊದಲು ಮರ ಹತ್ತಿ ಹೊಡೆಯುವ ಕೊನೆಗೌಡ ಸಿಗಬೇಕು. ಯಾರಿಗೆ ಸಿಗುತ್ತಾನೆ? ಕೈಯಲ್ಲಿ ದುಡ್ಡಿದ್ದವರಿಗೆ, ರಸ್ತೆ ಬದಿ ತೋಟದವರಿಗೆ. ಅವರೇ ಬಸಿಗಾಲುವೆಯನ್ನೂ ಹೊತ್ತಿಗೆ ಸರಿಯಾಗಿ ಬಿಡಿಸಿರುತ್ತಾರೆ, ಬಿದ್ದ ಕೊಳೆ ಅಡಿಕೆ ಹೆಕ್ಕಿಸಿರುತ್ತಾರೆ. ಆಮೇಲೆ ಅವರ ತೋಟದಲ್ಲಿ ಕೊಳೆ ಕಡಿಮೆ ಬಂದರೆ ಅದು ಬೋರ್ಡೋದಿಂದಲಾ, ಉಳಿದದ್ದರಿಂದಲಾ? ತೋಟ ತೋಟ ಹೋಲಿಸಿದರೆ ಗೊತ್ತಾಗಲ್ಲ. ಬೋರ್ಡೋ ಕೆಲಸ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ, ನಾನೂ ಹೊಡೆಸುತ್ತೇನೆ. ಈ ಹೋಲಿಕೆಯಿಂದ ಎಷ್ಟು ಕೆಲಸ ಮಾಡಿತು ಅಂತ ಹೇಳಲು ಬರಲ್ಲ ಅಷ್ಟೆ.

ಫಾರೆಸ್ಟ್ರಿ ಪಿಜಿ

ಅದಕ್ಕೇ ಒಂದೇ ತೋಟದೊಳಗೆ ಭಾಗ ಮಾಡಿ, ಯಾವ ಭಾಗಕ್ಕೆ ಹೊಡೆಯಬೇಕು ಅಂತ ಚೀಟಿ ಎತ್ತಬೇಕು. ಪ್ರತಿ ತೋಟವೂ ಒಂದು ಬ್ಲಾಕ್, ಅಂದರೆ ಹೋಲಿಕೆ ಆ ತೋಟದ ಒಳಗೇ. ಆಗ ದುಡ್ಡು, ಬಸಿಗಾಲುವೆ ಎಲ್ಲ ಎರಡೂ ಭಾಗಕ್ಕೆ ಸಮ. ಮರ ಮರಕ್ಕೆ ಚೀಟಿ ಎತ್ತಿದರೆ ಮಾತ್ರ ಆಗಲ್ಲ, ಹೊಡೆಯದ ಮರದಿಂದ ಮಳೆಗಾಳಿಯಲ್ಲಿ ರೋಗ ಪಕ್ಕದ ಮರಕ್ಕೂ ಹಾರುತ್ತದೆ, ಹೋಲಿಕೆಯೇ ಕಲಸಿಹೋಗುತ್ತದೆ. ಹಾಗಾಗಿ ಸಾಲು ಸಾಲಾಗಿ ದೊಡ್ಡ ತುಂಡು, ನಡುವೆ ಎರಡು ಸಾಲು ಲೆಕ್ಕಕ್ಕೆ ಹಿಡಿಯದೆ ಬಿಡಬೇಕು. ಕೊಟ್ಟೆ (ಮಳೆ ತಾಗದ ಹಾಗೆ ಗೊನೆಗೆ ಹಾಕುವ ಹೊದಿಕೆ) ಕಟ್ಟುವವರಿದ್ದರೆ ಅದು ಮೂರನೇ ವಿಧಾನ.

ಚಾಲಿ ರಾಶಿ, ಶಿರಸಿ ಹತ್ತಿರ

ಅರ್ಧ ತೋಟ ಹೊಡೆಯದೆ ಬಿಡು ಅಂದರೆ ನಮ್ಮ ಅಪ್ಪ ನನ್ನನ್ನೇ ಮನೆಯಿಂದ ಬಿಡುತ್ತಾರೆ.

ಫಾರೆಸ್ಟ್ರಿ ಪಿಜಿ

ಹಾಗಾದರೆ ಎರಡನೇ ಸಲದ ಸಿಂಪಡಣೆಯಲ್ಲಿ ದಿನದ ಅಂತರ ಬದಲಿಸಿ ನೋಡುವುದು. ಯಾರಿಗೂ ನಷ್ಟ ಆಗದ ಪ್ರಶ್ನೆಯನ್ನೇ ಕೇಳಬೇಕು. ಇದೂ ಆ ಪುಟದಲ್ಲಿ ಬರಲಿ, ಯಾವ ಪುಸ್ತಕವೂ ಇದನ್ನು ನಮಗೆ ಹೇಳಿಕೊಡಲಿಲ್ಲ.

ಹಳಿಯಾಳ ಕಾಮರ್ಸ್

ನನ್ನ ಹತ್ತಿರ ನೋಟ್ಸ್ ಇದೆ, ಪೂರ್ತಿ ಸಿಲೆಬಸ್. ಎಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಹಾಕಬಹುದಾ? ಕೆಲವು ಲೆಕ್ಕ ಗೈಡಿನಿಂದ ತೆಗೆದುಕೊಂಡಿದ್ದೂ ಇದೆ.

ಚಾಲಿ ರಾಶಿ, ಶಿರಸಿ ಹತ್ತಿರ

ನುಡಿಯ ಹಳೇ ಫಾಂಟಿನ ಫೈಲ್ ಆದರೆ ಯೂನಿಕೋಡ್ ಮಾಡಲೇಬೇಕು, ಇಲ್ಲಾಂದ್ರೆ ಹುಡುಕಿದರೆ ಸಿಗಲ್ಲ, ಮೊಬೈಲಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ. ಬದಲಿಸುವ ಸಾಧನ ಇದೆ, ಆದರೆ ಅರ್ಕಾವತ್ತು ಇರುವ ಕಡೆ ಒಂದು ಸಲ ಕಣ್ಣಾಡಿಸಿ. ಸೂತ್ರಗಳನ್ನು ಫೋಟೋ ಹಾಕಬೇಡಿ, ಸೂತ್ರ ಬರೆಯುವ ತಂತ್ರಾಂಶ ಲೇಟೆಕ್‌ನಲ್ಲಿ ಬರೆಯೋಣ, ನಾನು ಮಾಡಿಕೊಡುತ್ತೇನೆ.

ಗೈಡಿನದ್ದು ಬೇಡ. ಸೂತ್ರ ಯಾರಪ್ಪನ ಆಸ್ತಿಯೂ ಅಲ್ಲ, ಆದರೆ ಇನ್ನೊಬ್ಬರು ಬರೆದ ವಾಕ್ಯ, ಅವರು ಜೋಡಿಸಿದ ಲೆಕ್ಕ ಎತ್ತಿ ಹಾಕುವಂತಿಲ್ಲ. ಸಂಖ್ಯೆ ಬದಲಿಸಿದರೆ ಸಾಲದು, ಪ್ರಶ್ನೆಯನ್ನೇ ನೀವು ಹೊಸದಾಗಿ ಬರೆಯಬೇಕು. ಪರವಾನಗಿ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಇಡೋಣ. ವಿಕಿಪೀಡಿಯ 2023ರಿಂದ ಅದನ್ನೇ ಬಳಸುತ್ತದೆ, ಬರೆದವರ ಹೆಸರು ಹೇಳಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಒಯ್ಯಬಹುದು. ವ್ಯಾಪಾರಕ್ಕೆ ಬಳಸಬಾರದು ಅನ್ನುವ ಷರತ್ತು ಸೇರಿಸಿದರೆ ಆ ದಾರಿ ಮುಚ್ಚುತ್ತದೆ. ಝೆರಾಕ್ಸ್ ಅಂಗಡಿಯವನು ಪ್ರಿಂಟ್ ಹಾಕಿ ನಾಲ್ಕು ರೂಪಾಯಿ ಮಾಡಿಕೊಂಡರೆ ಮಾಡಿಕೊಳ್ಳಲಿ ಬಿಡಿ.

ಜೋಯಿಡಾ ನೋ ಸಿಗ್ನಲ್

ಪ್ರಿಂಟ್ ಅಂದಿರಲ್ಲ, ನಮಗೆ ಅದೇ ಬೇಕು. ಇಲ್ಲವೇ ಕಿವಿಕ್ಸ್ ಫೈಲ್ ಮಾಡಿ ಕೊಡಿ. ಪೇಟೆಗೆ ಬಂದಾಗ ಒಂದು ಸಲ ಇಳಿಸಿಕೊಂಡರೆ ಮನೆಯಲ್ಲಿ ಸಿಗ್ನಲ್ ಇಲ್ಲದೆಯೂ ಓದಬಹುದು. ಹಾಗೇ ಪುಟದಲ್ಲಿ ವಿಡಿಯೋ ಕಡಿಮೆ ಇರಲಿ.

ಇನ್ನೊಂದು, ಟೀಚರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಇಳಿಸಿಕೊಂಡ ಫೈಲಿನಲ್ಲಿ ತಪ್ಪಿದ್ದರೆ ನೀವು ಆನ್‌ಲೈನ್ ತಿದ್ದಿದ್ದು ನನಗೆ ಮುಟ್ಟುವುದೇ ಇಲ್ಲ. ಹಾಗಾಗಿ ತಾಳೆ ನೋಡದ ಪುಟವನ್ನು ಆ ಫೈಲಿಗೆ ಹಾಕಲೇಬೇಡಿ.

ಅಘನಾಶಿನಿ, ಶಿರಸಿ

ಜಗಳ ಬಗೆಹರಿಯುವ ದಾರಿ ಇದೇ ಇರಬಹುದು. ಆನ್‌ಲೈನ್‌ನಲ್ಲಿ ಎರಡು ಕೋಣೆ. ಹೊರಗಿನದ್ದು ಕರಡು, ಯಾರು ಬೇಕಾದರೂ ಬರೆಯಬಹುದು, ಹುಡುಕುತಾಣದಲ್ಲಿ ಬರುವುದಿಲ್ಲ. ಒಳಗಿನದ್ದು ತಾಳೆ ನೋಡಿದ್ದು, ಅದು ಹುಡುಕಿದರೆ ಸಿಗುತ್ತದೆ, ಪ್ರಿಂಟಿಗೂ ಕಿವಿಕ್ಸಿಗೂ ಹೋಗುತ್ತದೆ. ಕರಡಿನಿಂದ ಒಳಗೆ ಬರಲು ಬರೆದವರಲ್ಲದ ಒಬ್ಬರು ಲೆಕ್ಕವನ್ನು ಕಾಗದದ ಮೇಲೆ ಮಾಡಿ ಅದರ ಫೋಟೋ ಹಾಕಬೇಕು. ವಾಕ್ಯ, ಕಾಗುಣಿತ ತಿದ್ದಲು ಏನೂ ಷರತ್ತಿಲ್ಲ. ಒಳಗಿನ ಪುಟದಲ್ಲಿ ಸಂಖ್ಯೆ, ಸೂತ್ರ, ವ್ಯಾಖ್ಯೆ ಮುಟ್ಟಿದರೆ ಮಾತ್ರ ಮತ್ತೆ ಕರಡಿಗೆ.

ಮತ್ತೆ, ತಾಳೆ ನೋಡುವವರು ಪಂಡಿತರೇ ಆಗಬೇಕಿಲ್ಲ. ಬದಲಿಗೆ ಆಗಷ್ಟೇ ಕಲಿಯುತ್ತಿರುವವರು ಆದರೆ ಇನ್ನೂ ಒಳ್ಳೇದು. ಗೊತ್ತಿದ್ದವರು ಬಿಟ್ಟ ಹೆಜ್ಜೆಯನ್ನು ಮನಸ್ಸಿನಲ್ಲೇ ತುಂಬಿಕೊಂಡು ಮುಂದೆ ಹೋಗುತ್ತಾರೆ. ಗೊತ್ತಿಲ್ಲದವರು ಅಲ್ಲೇ ನಿಲ್ಲುತ್ತಾರೆ. ವ್ಯಾಖ್ಯೆಗಳನ್ನು ಮಾತ್ರ ಟೀಚರ್ ಅಥವಾ ನಾನು ನೋಡುತ್ತೇವೆ.

ಹೊನ್ನಾವರ ಟೀಚರ್

ಇದಕ್ಕೆ ಒಪ್ಪಿಗೆ. ಪಿ-ವ್ಯಾಲ್ಯೂ ಪುಟ ನಾನೇ ಬರೆಯುತ್ತೇನೆ, ಅದನ್ನು ನೀವು ನೋಡಬೇಕು, ಮುಲಾಜಿಲ್ಲದೆ.

ಚಾಲಿ ರಾಶಿ, ಶಿರಸಿ ಹತ್ತಿರ

ಎರಡು ಕೋಣೆ ಮಾಡುವುದು ತಾಂತ್ರಿಕವಾಗಿ ಏನೂ ಕಷ್ಟ ಇಲ್ಲ. ಕರಡು ಭಾಗ ಇವತ್ತು ತೆರೆದಿದ್ದೇನೆ, ಕೊಂಡಿ ಗುಂಪಿನಲ್ಲಿದೆ. ಅಡಿಕೆ ದರದ ಪುಟ ಹಾಕಿದ್ದೇನೆ, ಮೇಲೆ ಬರೆದ ಮೂರು ಲಾಟಿನದ್ದೇ. ಕುಮಟಾ ಬಿಕಾಂ, ಪ್ರಶ್ನೆಪತ್ರಿಕೆ ಕೇಳಿದ್ದಿರಲ್ಲ, ಮೊದಲು ಇದನ್ನು ತಾಳೆ ನೋಡಿಕೊಡಿ.

ಬೈತಖೋಲ, ಕಾರವಾರ

ನನ್ನದು ಭಾನುವಾರ ಹಾಕುತ್ತೇನೆ. ಸಣ್ಣ ದೋಣಿ, ದೊಡ್ಡ ಬೋಟು ಅಂತ ಬರೆದರೆ ಧಕ್ಕೆಯವರು ನಗುತ್ತಾರೆ. ಪಾತಿ, ಗಿಲ್‌ನೆಟ್, ಟ್ರಾಲರ್, ಪರ್ಸೀನ್ ಅಂತಲೇ ಬೇರೆ ಮಾಡುತ್ತೇನೆ, ಆಗ ಸ್ತರ (ಬೇರೆ ಮಾಡಿದ ಗುಂಪು) ನಾಲ್ಕಾಗುತ್ತದೆ. ಲೆಕ್ಕ ಉದ್ದ ಆಗುತ್ತದೆ, ತಾಳೆ ನೋಡುವವರು ಬೈಯಬೇಡಿ.

ಕುಮಟಾ ಬಿಕಾಂ

ಅಡಿಕೆ ಪುಟ ಮಾಡಿ ನೋಡಿದೆ, ಫೋಟೋ ಹಾಕಿದ್ದೇನೆ. 42,667 ಬಂತು, 41,000 ಬಂತು. ಬಹುಲಕ 40,000 ಅಂತ ಹೇಗೆ? ಪುಸ್ತಕದ ಪ್ರಕಾರ ಅತಿ ಹೆಚ್ಚು ಸಲ ಬರುವ ಬೆಲೆ ಬಹುಲಕ. ಇಲ್ಲಿ ಮೂರು ದರವೂ ಒಂದೊಂದೇ ಸಲ ಬಂದಿವೆ. ಲಾಟು ಎಣಿಸಿದರೆ ಬಹುಲಕವೇ ಇಲ್ಲ. ಕ್ವಿಂಟಲ್ ಎಣಿಸಿದರೆ ಮಾತ್ರ 40,000. ಪುಟದಲ್ಲಿ ಅದನ್ನು ಎಲ್ಲೂ ಹೇಳಿಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ ಹೋಗುತ್ತದೆ.

ಚಾಲಿ ರಾಶಿ, ಶಿರಸಿ ಹತ್ತಿರ

ಬರೋಬ್ಬರಿ. ಏನನ್ನು ಎಣಿಸುತ್ತಿದ್ದೇವೆ ಅಂತ ಮೊದಲ ಸಾಲಿನಲ್ಲೇ ಬರಬೇಕು. ನೀವೇ ಸೇರಿಸಿ, ತಿದ್ದುವ ಬಟನ್ ನಿಮಗೂ ಕಾಣುತ್ತದೆ.

ಕುಮಟಾ ಬಿಕಾಂ

ಸೇರಿಸಿದೆ. ಸಂಖ್ಯೆ ಮುಟ್ಟಿದ್ದಕ್ಕೆ ಈಗ ಬೇರೆ ಯಾರಾದರೂ ತಾಳೆ ನೋಡಬೇಕಲ್ವಾ? ಮತ್ತೆ ಟೇಬಲ್ ಮೊಬೈಲಲ್ಲಿ ಬಲಗಡೆ ಕಟ್ ಆಗ್ತಾ ಇದೆ, ಕ್ವಿಂಟಲ್ ಅಂಕಣವೇ ಕಾಣಲ್ಲ. ಅದನ್ನೂ ನೋಡಿ.